ಒಂದು ಫೈಲಿನ ತಿದ್ದುಪಡಿ, ಎರಡು ನಡವಳಿಕೆ

ಹತ್ತು ಫೈಲುಗಳಲ್ಲಿ ಕೈಯಾಡಿಸಿದ ಮೇಲೆ ಒಂದನ್ನು ಮಾತ್ರ ಹಳೆಯ ರೂಪಕ್ಕೆ ತರಬೇಕಾಗುವುದು ಪ್ರೋಗ್ರಾಮರುಗಳಿಗೆ ನಿತ್ಯದ ಕೆಲಸ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದ, ಫೈಲುಗಳ ಹಳೆಯ ರೂಪಗಳನ್ನು ಕಾಪಾಡುವ ಸಾಧನವಾದ ಗಿಟ್‌ನಲ್ಲಿ ಇದಕ್ಕೆಂದೇ ಒಂದು ಕಮಾಂಡ್ ಬರಲು 2019 ಆಗಬೇಕಾಯಿತು. ಅಲ್ಲಿಯವರೆಗೆ ಬ್ರಾಂಚ್ ಬದಲಿಸುವ ‘ಚೆಕ್ಔಟ್’ ಕಮಾಂಡೇ ಈ ಕೆಲಸವನ್ನೂ ಮಾಡುತ್ತಿತ್ತು.

ನನ್ನ ತಕರಾರು ಇಲ್ಲಿಂದಲೇ ಶುರು. ಬ್ರಾಂಚ್ ಬದಲಿಸುವಾಗ ಕಮಿಟ್ ಆಗದ ತಿದ್ದುಪಡಿ ಅಳಿಯುವಂತಿದ್ದರೆ ಚೆಕ್ಔಟ್ ಕೆಲಸವನ್ನೇ ನಿಲ್ಲಿಸಿ ಎಚ್ಚರಿಸುತ್ತದೆ. ಅದೇ ಕಮಾಂಡಿಗೆ ಫೈಲಿನ ಹೆಸರು ಕೊಟ್ಟರೆ ಅಷ್ಟೂ ತಿದ್ದುಪಡಿಯನ್ನು ಕೇಳದೆಯೇ ಅಳಿಸಿಹಾಕುತ್ತದೆ. ಬ್ರಾಂಚಿಗೂ ಫೈಲಿಗೂ ಒಂದೇ ಹೆಸರಿದ್ದರೆ ಗೊಂದಲ ಬೇರೆ. ಅದನ್ನು ತಪ್ಪಿಸಲು ನಡುವೆ ಎರಡು ಅಡ್ಡಗೆರೆ ಹಾಕಬೇಕು.

2019ರ ಆಗಸ್ಟ್‌ನಲ್ಲಿ ಬಂದ 2.23ನೇ ಆವೃತ್ತಿ ‘ಸ್ವಿಚ್’ ಮತ್ತು ‘ರಿಸ್ಟೋರ್’ ಎಂಬ ಎರಡು ಕಮಾಂಡ್ ಕೊಟ್ಟು ಈ ಗಂಟನ್ನು ಬಿಡಿಸಿತು. ರಿಸ್ಟೋರ್ ನಿಜವಾಗಿಯೂ ಒಳ್ಳೆಯ ವಿನ್ಯಾಸ. ಯಾವ ಕಮಿಟ್‌ನಿಂದ ತರಬೇಕು, ಸ್ಟೇಜ್ ಆದದ್ದನ್ನು, ಅಂದರೆ ಮುಂದಿನ ಕಮಿಟ್‌ಗೆಂದು ‘ಆಡ್’ ಮಾಡಿಟ್ಟದ್ದನ್ನು, ಮರಳಿಸಬೇಕೋ, ಕಣ್ಣೆದುರಿನ ಫೈಲನ್ನೋ ಎಂಬುದನ್ನು ಬಿಡಿಬಿಡಿಯಾಗಿ ಹೇಳಬಹುದು. ‘ಪ್ಯಾಚ್’ ಆಯ್ಕೆಯಿಂದ ಫೈಲಿನ ಒಂದು ತುಂಡನ್ನಷ್ಟೇ ಹಿಂದಕ್ಕೆ ತರಬಹುದು. ಇದು ನನಗೆ ಬಹಳ ಮೆಚ್ಚುಗೆಯಾದದ್ದು. ಹೊಸಬರು ಒಂದನ್ನು ಮಾತ್ರ ಗಮನಿಸಬೇಕು: ಏನನ್ನೂ ಹೇಳದಿದ್ದರೆ ರಿಸ್ಟೋರ್ ತರುವುದು ಕೊನೆಯ ಕಮಿಟ್‌ನ ಪ್ರತಿಯನ್ನಲ್ಲ, ಸ್ಟೇಜ್‌ನಲ್ಲಿರುವ ಪ್ರತಿಯನ್ನು.

ಆದರೆ ಮೂಲದ ದೋಷ ಹಾಗೇ ಉಳಿಯಿತು. ರಿಸ್ಟೋರ್ ಕೂಡ ಮೌನವಾಗಿ ಅಳಿಸುತ್ತದೆ. ‘ಆಡ್’ ಮಾಡಿದ್ದ ಬರಹ ಗಿಟ್‌ನ ಭಂಡಾರದಲ್ಲಿ ಉಳಿದಿರುತ್ತದೆ, ಹುಡುಕಿ ತೆಗೆಯಬಹುದು. ಆಡ್ ಮಾಡದ್ದು ಗಿಟ್‌ನ ಮಟ್ಟಿಗೆ ಹೋದಂತೆಯೇ. ಹಳೆಯದನ್ನು ಕಾಪಾಡಲೆಂದೇ ಹುಟ್ಟಿದ ಸಾಧನ ಬೆಳಗಿನಿಂದ ಬರೆದದ್ದನ್ನು ಹೀಗೆ ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ. ಅದೇ 2005ರಲ್ಲಿ ಬಂದ, ಇಂಥದೇ ಇನ್ನೊಂದು ಸಾಧನವಾದ ಮರ್ಕ್ಯುರಿಯಲ್‌ನ ‘ರಿವರ್ಟ್’, ತಿದ್ದಿದ ಫೈಲಿನ ಒಂದು ಪ್ರತಿಯನ್ನು ‘.ಒರಿಗ್’ ಎಂಬ ಬಾಲ ಹಚ್ಚಿ ಪಕ್ಕದಲ್ಲೇ ಇಡುತ್ತದೆ. ಫೋಲ್ಡರ್ ತುಂಬ ಕಸ ಎಂದು ಗೊಣಗುವವರಿದ್ದಾರೆ. ಕಸವನ್ನು ಗುಡಿಸಬಹುದು; ಕಳೆದ ಕೋಡನ್ನು ನೆನಪಿನಿಂದಲೇ ಮತ್ತೆ ಬರೆಯಬೇಕು.

ಗಿಟ್‌ಗೆ ಆ ಬಾಲವೂ ಬೇಕಿಲ್ಲ. ಅಳಿಸುವ ಮುನ್ನ ಫೈಲಿನ ಒಡಲನ್ನು ಆಡ್ ಮಾಡುವಂತೆಯೇ ಭಂಡಾರಕ್ಕೆ ಸೇರಿಸಿದರೆ ಸಾಕು. ಯಾರೂ ಬಳಸದ ಇಂಥ ವಸ್ತುಗಳು ಎರಡು ವಾರ ಹಳತಾದ ಮೇಲೆ ಅವನ್ನು ತೆಗೆದುಹಾಕುವ ವ್ಯವಸ್ಥೆ ಅದರಲ್ಲಿ ಈಗಾಗಲೇ ಇದೆ.