ಹಡಗಿನ ತಳದ ಕುಸುರಿ

ಶಿಂಷೆಯಂಥ ಸಿಹಿನೀರಿನ ಹೊಳೆಯಲ್ಲಿ ಬುಗುಲಾ ನೆರಿಟಿನಾ ಎಂಬ ಜೀವಿಸಮೂಹ ಸಿಗದು. ಉಪ್ಪುನೀರೇ ಅದರ ಮನೆ. ಬಂದರಿನ ಕಂಬಕ್ಕೆ, ಹಡಗಿನ ತಳಕ್ಕೆ ಅಂಟಿ ಬೆಳೆಯುವ ಈ ಕಂದುನೇರಳೆ ಪೊದೆಯನ್ನು ನಾವಿಕರು ಕೊಳೆ ಎಂದು ಕೆರೆದು ಎಸೆಯುತ್ತಾರೆ. ಹಡಗಿನ ವೇಗ ಕುಗ್ಗುವುದು ನಿಜ, ಅವರ ದೂರು ಸುಳ್ಳಲ್ಲ. ಆದರೂ ಭೂತಗನ್ನಡಿ ಹಿಡಿದು ನೋಡಿ: ಒಂದು ಮಿಲಿಮೀಟರಿಗೂ ಚಿಕ್ಕ ಗೂಡುಗಳು ಎರಡೆರಡು ಸಾಲಾಗಿ ಕೊಂಬೆಯುದ್ದಕ್ಕೂ ಹೆಣೆದುಕೊಂಡಿವೆ. ಪ್ರತಿ ಗೂಡಿನ ಜೀವಿಯೂ ಎಳೆಗಳ ಕಿರೀಟ ಅರಳಿಸಿ, ಅವುಗಳ ನವಿರು ರೋಮಗಳನ್ನು ಬಡಿದು ನೀರನ್ನು ಬಾಯಿಯತ್ತ ಸೆಳೆಯುತ್ತದೆ. ಮುಟ್ಟಿದರೆ ಸರಕ್ಕನೆ ಒಳಸೇರುತ್ತದೆ. ಮುತ್ತಿನಂಥ ಬಿಳಿ ಚೀಲಗಳಲ್ಲಿ ಮರಿಗಳು ಬೆಳೆಯುತ್ತವೆ. ಚಿಪ್ಪಿಲ್ಲದ ಆ ಮರಿಗಳನ್ನು ಮೀನು ಬಾಯಿಗೆ ಹಾಕಿಕೊಂಡರೂ ಉಗುಳಿಬಿಡುತ್ತದೆ. ಜೊತೆಗಿರುವ ಬ್ಯಾಕ್ಟೀರಿಯಾ ತಯಾರಿಸುವ ಬ್ರಯೋಸ್ಟಾಟಿನ್ ಎಂಬ ರಾಸಾಯನಿಕಗಳೇ ಅದಕ್ಕೆ ಕಾರಣ. 1982ರಲ್ಲಿ ಬ್ರಯೋಸ್ಟಾಟಿನ್ 1ರ ರಚನೆ ಪ್ರಕಟವಾದ ಮೇಲೆ ಅದನ್ನು ಕ್ಯಾನ್ಸರ್ ರೋಗಿಗಳ ಮೇಲೂ ಪರೀಕ್ಷಿಸಿದರು. ನಮಗೆ ಮದ್ದಾಗದಿದ್ದರೆ ಹೊಗಳುವುದೇಕೆ ಎನ್ನುವವರಿದ್ದಾರೆ. ಮರಿಯ ಜೀವ ಉಳಿಸುವುದು ಅದರ ಮೊದಲ ಕೆಲಸ, ಅದನ್ನಂತೂ ಅದು ಸೊಗಸಾಗಿ ಮಾಡುತ್ತಿದೆ.