ಉಸ್ತಾದನ ಪಕ್ಕದಲ್ಲಿ ಎಂಟು ವಾರ

ನಮ್ಮ ಪದವಿ ಕಾಲೇಜುಗಳ ಭೌತವಿಜ್ಞಾನ ಪ್ರಯೋಗಾಲಯಗಳಲ್ಲಿ ಒಂದು ವಿಚಿತ್ರ ರೂಢಿಯಿದೆ. ಲೋಲಕವನ್ನು ತೂಗಿಬಿಟ್ಟು ಗುರುತ್ವದ ಬೆಲೆಯನ್ನು ಕಂಡುಹಿಡಿಯುವ ವಿದ್ಯಾರ್ಥಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅದು 9.8ರ ಹತ್ತಿರ ಬರಬೇಕು. ಬಾರದೇ ಹೋದರೆ ಆತ ದಾರದ ಉದ್ದವನ್ನು ಮತ್ತೊಮ್ಮೆ ಅಳೆಯುವುದಿಲ್ಲ. ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿಕೊಂಡು, ಬೇಕಾದ ಅಂಕಿಗಳನ್ನು ರೆಕಾರ್ಡ್ ಪುಸ್ತಕದಲ್ಲಿ ತುಂಬುತ್ತಾನೆ. ಅಧ್ಯಾಪಕರು ಸಹಿ ಹಾಕುತ್ತಾರೆ, ಪರೀಕ್ಷಕರು ಅಂಕ ಕೊಡುತ್ತಾರೆ. ಹೀಗೆ ಮೂರು ವರ್ಷ ಕಳೆದು ವಿಜ್ಞಾನ ಪದವೀಧರನಾಗುವ ಹುಡುಗ, ಕೋಣೆಯಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಒಂದೇ ಒಂದು ಪ್ರಶ್ನೆಯನ್ನೂ ಎದುರಿಸಿರುವುದಿಲ್ಲ. ವಿಜ್ಞಾನ ಎನ್ನುವುದು ಶುರುವಾಗುವುದೇ ಅಂಥ ಪ್ರಶ್ನೆಯಿಂದ ಎಂಬುದನ್ನು ಅವನಿಗೆ ಯಾರೂ ತೋರಿಸಿರುವುದಿಲ್ಲ.

ಈ ಕೊರತೆಗೆ ಮದ್ದಾಗಿ ನಮ್ಮ ದೇಶದ ಸಂಶೋಧನಾ ಸಂಸ್ಥೆಗಳು ಕಂಡುಕೊಂಡ ದಾರಿಗಳಲ್ಲಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಅಲಹಾಬಾದಿನ ಅಕಾಡೆಮಿಗಳ ಜೊತೆ ಸೇರಿ ಇಂಥ ಕಾರ್ಯಕ್ರಮವೊಂದನ್ನು ನಡೆಸಿಕೊಂಡು ಬಂದಿದೆ. 1989ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ತನ್ನದೇ ಆದ ಬೇಸಿಗೆ ಫೆಲೋಶಿಪ್ ಇಟ್ಟುಕೊಂಡಿದೆ. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 2004ರಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿಯೇ ಇಂಥ ಯೋಜನೆಯೊಂದನ್ನು ಆರಂಭಿಸಿತು. ಅಕಾಡೆಮಿಗಳ ಕಾರ್ಯಕ್ರಮದಲ್ಲಿ ಆಯ್ಕೆಯಾದವರು ಎಂಟು ವಾರ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಭತ್ಯೆಯುಂಟು, ಹೋಗಿಬರುವ ರೈಲು ಖರ್ಚುಂಟು. ಕೊನೆಗೊಂದು ವರದಿ ಬರೆದುಕೊಡಬೇಕು.

ಕಲ್ಪನೆ ಹೊಸದಲ್ಲ. ನಮ್ಮ ಕುಶಲಕರ್ಮಿಗಳ ಬೀದಿಗಳಲ್ಲಿ ಇದು ಶತಮಾನಗಳಿಂದ ಇದೆ. ಬೀದರಿನ ಬಿದರಿ ಕೆಲಸವನ್ನೇ ನೋಡಿ. ಸತು ಮತ್ತು ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿದ ಮೇಲೆ ಅದನ್ನು ಕಪ್ಪಾಗಿಸಲು ಕೋಟೆಯ ಹಳೆಯ ಮಣ್ಣು ಬೇಕು. ಯಾವ ಮಣ್ಣು ಸರಿ ಎಂಬುದನ್ನು ನಾಲಿಗೆಗೆ ಮುಟ್ಟಿಸಿ ಹೇಳುವ ಉಸ್ತಾದರಿದ್ದಾರೆ. ಆ ರುಚಿಯನ್ನು ಪುಸ್ತಕದಲ್ಲಿ ಬರೆದಿಡಲಾಗದು. ಶಾಗಿರ್ದನಾದವನು ಪಕ್ಕದಲ್ಲಿ ಕೂತು, ನೋಡಿ, ಕೆಡಿಸಿ, ಬೈಸಿಕೊಂಡು ಕಲಿಯಬೇಕು. ಪ್ರಯೋಗಾಲಯದ ವಿದ್ಯೆಯೂ ಬಹುಪಾಲು ಇಂಥದ್ದೇ. ಯಂತ್ರ ತೋರಿಸುತ್ತಿರುವುದು ನಿಜವಾದ ಸಂಕೇತವೋ ಬರಿಯ ಗದ್ದಲವೋ, ಹಾಳಾದ ಪ್ರಯೋಗವನ್ನು ಯಾವಾಗ ಕೈಬಿಡಬೇಕು, ಯಾವಾಗ ಮತ್ತೆ ಮಾಡಬೇಕು ಎಂಬುದೆಲ್ಲ ಇನ್ನೊಬ್ಬರ ಕೈಯನ್ನು ನೋಡುತ್ತಲೇ ಬರಬೇಕಾದ ತಿಳಿವಳಿಕೆ.

ಇದರ ಫಲ ಎಂಥದ್ದಿರಬಹುದು ಎಂಬುದಕ್ಕೆ ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ಕಥೆಯನ್ನು ಹೇಳುವ ವಾಡಿಕೆಯಿದೆ. ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಆ ಸಂಸ್ಥೆಯ ಬೇಸಿಗೆ ಕಾರ್ಯಕ್ರಮದ ಇತಿಹಾಸ 1924ರವರೆಗೆ ಹೋಗುತ್ತದೆ. 1955ರಲ್ಲಿ ಡೇವಿಡ್ ಬಾಲ್ಟಿಮೋರ್ ಎಂಬ ಹೈಸ್ಕೂಲು ಹುಡುಗ ಅಲ್ಲಿಗೆ ಬಂದ. ಅವನಿಗಿಂತ ಕೆಲವು ವರ್ಷ ಹಿರಿಯನಾದ ಹೊವರ್ಡ್ ಟೆಮಿನ್ ಆಗ ಅಲ್ಲಿ ಕಿರಿಯರಿಗೆ ಮಾರ್ಗದರ್ಶಿಯಾಗಿದ್ದ. 1970ರಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಕಿಣ್ವವನ್ನು ಕಂಡುಹಿಡಿದರು. 1975ರ ನೊಬೆಲ್ ಬಹುಮಾನವನ್ನು ರೆನಾಟೊ ಡುಲ್ಬೆಕೊ ಅವರ ಜೊತೆ ಹಂಚಿಕೊಂಡರು. ಇದು ಸಂತೋಷದ ಕಥೆಯೇ. ಆದರೆ ಇಂಥ ಕಥೆಗಳಲ್ಲಿ ಒಂದು ದೋಷವಿದೆ. ಅವು ಒಳಗೆ ಹೋದವರ ಬಗ್ಗೆ ಮಾತ್ರ ಹೇಳುತ್ತವೆ. ಹೊರಗೆ ನಿಂತವರನ್ನು ನೋಡಬೇಕಾದರೆ ನಾವು ಬೆಂಗಳೂರಿಗೇ ಮರಳಬೇಕು.

ಸರ್ ಸಿ.ವಿ. ರಾಮನ್ 1907ರಲ್ಲಿ ಕಲ್ಕತ್ತಕ್ಕೆ ಹೋದದ್ದು ಹಣಕಾಸು ಇಲಾಖೆಯ ಅಧಿಕಾರಿಯಾಗಿ. ಅಲ್ಲಿನ ವಿಜ್ಞಾನ ಸಂಘದ ಪ್ರಯೋಗಾಲಯ ಆ ಯುವಕನಿಗೆ ಬಾಗಿಲು ತೆರೆಯಿತು. ಕಚೇರಿಗೆ ಮುನ್ನ ಮತ್ತು ಕಚೇರಿಯ ನಂತರ ಅಲ್ಲಿ ದುಡಿದು ಆತ ವಿಜ್ಞಾನಿಯಾದರು. ಅದೇ ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದಾಗ, ಬೊಂಬಾಯಿಯಿಂದ ಉನ್ನತ ಅಂಕಗಳೊಂದಿಗೆ ಬಂದ ಕಮಲಾ ಭಾಗವತ್ ಎಂಬ ತರುಣಿಗೆ, ಹೆಣ್ಣು ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟುಹಿಡಿದ ಮೇಲೆ, ಒಂದು ವರ್ಷ ಪರೀಕ್ಷಾರ್ಥ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದ ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. 1940ರಲ್ಲಿ ರಾಮನ್ ಅವರ ಪ್ರಯೋಗಾಲಯ ಸೇರಿದ ಅಣ್ಣಾ ಮಣಿಯವರ ಕಥೆ ಇನ್ನೊಂದು ಬಗೆಯದು. ಅವರಿಗೆ ಒಳಗೆ ಜಾಗ ಸಿಕ್ಕಿತು. ವಜ್ರಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು, ಪ್ರಬಂಧ ಬರೆದರು. ಆದರೆ ಎಂ.ಎಸ್‌ಸಿ. ಪದವಿ ಇಲ್ಲವೆಂದು ಮದ್ರಾಸು ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ.

ಈ ಹಳೆಯ ಸಂಗತಿಗಳನ್ನು ನೆನೆಯುವುದು ರಾಮನ್ ಅವರ ಮೇಲೆ ದೂರು ಹೊರಿಸುವುದಕ್ಕಲ್ಲ. 1934ರಲ್ಲಿ ಅವರು ಕಟ್ಟಿದ ಅಕಾಡೆಮಿಯೇ ಇಂದು ಮೇಲೆ ಹೇಳಿದ ಬೇಸಿಗೆ ಫೆಲೋಶಿಪ್‌ಗಳಲ್ಲಿ ಪಾಲುದಾರ. ಅಲ್ಲಿಗೆ ಇಂದು ಹುಡುಗಿಯರಿಗೆ ಯಾರೂ ಬರಬೇಡಿ ಎನ್ನುವುದಿಲ್ಲ. ಯಾವ ಜಾತಿ, ಯಾವ ಧರ್ಮ ಎಂದು ಕೇಳುವುದಿಲ್ಲ. ಬಾಗಿಲು ತೆರೆದೇ ಇದೆ. ಆದರೂ ಬಾಗಿಲ ತನಕ ಬರುವ ದಾರಿಯನ್ನು ನಾವು ಪರಿಶೀಲಿಸಬೇಕಾಗಿದೆ.

ಅರ್ಜಿ ನಮೂನೆಯಿಂದಲೇ ಆರಂಭಿಸೋಣ. ಅದು ಮುಖ್ಯವಾಗಿ ಮೂರು ವಿಷಯ ಕೇಳುತ್ತದೆ: ಈವರೆಗಿನ ಅಂಕಗಳು, ಏನು ಮಾಡಬೇಕೆಂದಿದ್ದೀರಿ ಎಂಬ ಬಗ್ಗೆ ಒಂದು ಬರಹ, ಮತ್ತು ಅಧ್ಯಾಪಕರೊಬ್ಬರ ಶಿಫಾರಸು ಪತ್ರ. ಮೇಲುನೋಟಕ್ಕೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅಂಕವೆಂದರೆ ನಾವು ಮೊದಲು ನೋಡಿದ ರೆಕಾರ್ಡ್ ಪುಸ್ತಕದ ಅಂಕವೇ. ಯಾವ ರೋಗಕ್ಕೆ ಮದ್ದೆಂದು ಫೆಲೋಶಿಪ್ ಹುಟ್ಟಿತೋ ಆ ರೋಗದ ಲಕ್ಷಣವನ್ನೇ ಅದು ಅರ್ಹತೆಯಾಗಿ ಎಣಿಸುತ್ತಿದೆ. ಇನ್ನು ಬರಹ. ಇಂಗ್ಲಿಷಿನಲ್ಲಿ, ಸಂಶೋಧನೆಯ ಭಾಷೆಯಲ್ಲಿ ಬರೆಯಬೇಕು. ಸಂಶೋಧನೆ ಹೇಗಿರುತ್ತದೆ ಎಂದು ನೋಡಲು ಹೊರಟವನು, ಅದನ್ನು ಮೊದಲೇ ನೋಡಿದವನಂತೆ ಬರೆಯಬೇಕು. ಪ್ರಾಧ್ಯಾಪಕರ ಮನೆಯ ಮಗುವಿಗೆ ಇದು ಊಟದ ಹೊತ್ತಿನ ಮಾತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿ, ತನ್ನ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ಅದು ಪರದೇಶದ ಮಾತು.

ಶಿಫಾರಸು ಪತ್ರದ ವಿಚಾರ ಇನ್ನೂ ಸೂಕ್ಷ್ಮವಾದದ್ದು. ನಮ್ಮ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದ ಉಪನ್ಯಾಸಕ, ತನ್ನ ವಿದ್ಯಾರ್ಥಿಯ ಬಗ್ಗೆ ಯಾವ ಅಧಿಕಾರದಿಂದ ಪತ್ರ ಬರೆಯಬೇಕು? ಇಂಥದ್ದೊಂದು ಫೆಲೋಶಿಪ್ ಇದೆ ಎಂದು ಅವರಿಗಾದರೂ ಯಾರು ಹೇಳಿದ್ದಾರೆ? ಬೇಸಿಗೆಯ ಕೆಲಸಕ್ಕೆ ಹಿಂದಿನ ವರ್ಷದ ಕೊನೆಯಲ್ಲೇ ಅರ್ಜಿ ಹಾಕಬೇಕು. ಸುದ್ದಿ ತಡವಾಗಿ ಮುಟ್ಟುವ ಊರುಗಳಿಗೆ ಈ ಒಂದೇ ನಿಯಮ ಸಾಕು. ಅದನ್ನೂ ದಾಟಿದವರಿಗೆ ಪರೀಕ್ಷಾ ವೇಳಾಪಟ್ಟಿ ಕಾದಿರುತ್ತದೆ. ರಾಜ್ಯದ ಹಲವು ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಪರೀಕ್ಷೆಗಳು ಜೂನ್, ಜುಲೈ ತಿಂಗಳಿಗೆ ಜಾರಿದಾಗ, ಎಂಟು ವಾರಗಳ ಬೇಸಿಗೆ ಎಂಬುದೇ ನಮ್ಮ ಮಕ್ಕಳಿಗೆ ಇರುವುದಿಲ್ಲ.

ಇದರ ಜೊತೆಗೆ ಇಟ್ಟು ನೋಡಬೇಕಾದ ಅಂಕಿಯೊಂದಿದೆ. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬರು, ಸ್ನಾತಕೋತ್ತರ ಓದುವ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು 2006ರಲ್ಲಿ ಸಾಚಾರ್ ಸಮಿತಿ ವರದಿ ಮಾಡಿತ್ತು. ಪ್ರಯೋಗಾಲಯದ ಬಾಗಿಲು ಪ್ರತಿಷ್ಠಿತ ಕಾಲೇಜಿನ ಅಂಗಳದಲ್ಲೇ ಇದ್ದರೆ, ಆ ಅಂಗಳದಲ್ಲಿ ಇಲ್ಲದವರು ಒಳಗೂ ಇರುವುದಿಲ್ಲ. ಇದು ಮುಸ್ಲಿಮರೊಬ್ಬರ ಪ್ರಶ್ನೆಯಲ್ಲ. ದಲಿತ ಕೇರಿಯ, ತಾಂಡಾದ, ಮೀನುಗಾರರ ಬೀದಿಯ ಮಕ್ಕಳದ್ದೂ ಇದೇ ಪ್ರಶ್ನೆ.

ಪ್ರತಿಭೆಯನ್ನು ಪರೀಕ್ಷೆಯಿಂದ ಹುಡುಕುತ್ತೇವೆ ಎಂದು ಹೊರಟದ್ದರ ಗತಿಯೂ ನಮ್ಮ ಮುಂದಿದೆ. ಕೇಂದ್ರ ಸರಕಾರ 1999ರಲ್ಲಿ ಆರಂಭಿಸಿದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ ಒಳ್ಳೆಯ ಉದ್ದೇಶದ್ದೇ ಆಗಿತ್ತು. ಆಯ್ಕೆಯಾದವರಿಗೆ ವಿದ್ಯಾರ್ಥಿವೇತನ, ಬೇಸಿಗೆ ಶಿಬಿರ, ಪ್ರಯೋಗಾಲಯಗಳ ಪರಿಚಯ ಎಲ್ಲ ಇತ್ತು. ಅದನ್ನು ನಿರ್ವಹಿಸುತ್ತಿದ್ದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಆದರೆ ಕನ್ನಡನಾಡಿನ ರಾಜಧಾನಿಯಿಂದ ನಡೆಯುತ್ತಿದ್ದ ಆ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷ್ ಇತ್ತು, ಹಿಂದಿ ಇತ್ತು, ಕನ್ನಡ ಇರಲಿಲ್ಲ. ಕೋಚಿಂಗ್ ಕೇಂದ್ರಗಳು ಬಹುಬೇಗ ಅದನ್ನೂ ತಮ್ಮ ಫಲಕಗಳಿಗೆ ಸೇರಿಸಿಕೊಂಡವು. ಕುತೂಹಲವನ್ನು ಗುರುತಿಸಲು ಹುಟ್ಟಿದ ಯೋಜನೆ, ಶುಲ್ಕ ಕಟ್ಟಿ ತಯಾರಾಗುವ ಇನ್ನೊಂದು ಪರೀಕ್ಷೆಯಾಯಿತು. 2022ರಲ್ಲಿ ಅದನ್ನು ಇನ್‌ಸ್ಪೈರ್ ಎಂಬ ಮತ್ತೊಂದು ಯೋಜನೆಯೊಳಗೆ ಸೇರಿಸಲಾಯಿತು.

ಹಣದ ದಾರಿ ಇನ್ನೂ ಅಪಾಯಕಾರಿ. ಅಮೆರಿಕದಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1987ರಿಂದ ಪದವಿ ವಿದ್ಯಾರ್ಥಿಗಳಿಗೆ ಭತ್ಯೆ ಕೊಟ್ಟು ಬೇಸಿಗೆ ಸಂಶೋಧನೆಗೆ ಕರೆಯುತ್ತಿದೆ. ಅದೇ ದೇಶದಲ್ಲಿ, ಹೈಸ್ಕೂಲು ಮಕ್ಕಳ ಪೋಷಕರಿಂದ ಸಾವಿರಾರು ಡಾಲರು ಪಡೆದು ಮಗುವಿನ ಹೆಸರಿನಲ್ಲಿ ಸಂಶೋಧನಾ ಲೇಖನ ಪ್ರಕಟವಾಗುವಂತೆ ನೋಡಿಕೊಳ್ಳುವ ವ್ಯಾಪಾರ ಬೆಳೆದಿರುವುದನ್ನು ಪ್ರೊಪಬ್ಲಿಕಾ ಎಂಬ ತನಿಖಾ ಸುದ್ದಿಸಂಸ್ಥೆ 2023ರಲ್ಲಿ ಬಯಲಿಗೆಳೆಯಿತು. ಹಣ ಕಟ್ಟಿದರೆ ‘ಇಂಟರ್ನ್‌ಶಿಪ್’ ಪ್ರಮಾಣಪತ್ರ ಕೊಡುವ ಜಾಹೀರಾತುಗಳು ನಮ್ಮ ವಿದ್ಯಾರ್ಥಿಗಳ ಮೊಬೈಲಿಗೂ ಬರತೊಡಗಿವೆ. ಉಸ್ತಾದನ ಪಕ್ಕದಲ್ಲಿ ಕೂರುವ ಜಾಗವೇ ಮಾರಾಟದ ಸರಕಾದರೆ, ಈಗಿರುವ ಅಷ್ಟಿಷ್ಟು ಸಮಾನತೆಯೂ ಉಳಿಯದು. ಆದ್ದರಿಂದಲೇ ಅಕಾಡೆಮಿಗಳಂಥ ಸಾರ್ವಜನಿಕ ಸಂಸ್ಥೆಗಳ ಹೊಣೆ ದೊಡ್ಡದು. ಅವುಗಳನ್ನು ವಿಮರ್ಶಿಸುವುದು ಅವು ಬೇಡವೆಂದಲ್ಲ, ಬೇಕೆಂದು.

ಇದಕ್ಕೆ ವಿಜ್ಞಾನಿಗಳ ಕಡೆಯಿಂದ ಬರುವ ಉತ್ತರವನ್ನೂ ಕೇಳಬೇಕು. ಪ್ರಯೋಗಾಲಯ ಧರ್ಮಛತ್ರವಲ್ಲ. ಇರುವುದು ಎಂಟೇ ವಾರ. ತಯಾರಿಲ್ಲದ ವಿದ್ಯಾರ್ಥಿಗೆ ಯಂತ್ರ ಪರಿಚಯಿಸುವಷ್ಟರಲ್ಲಿ ಬೇಸಿಗೆಯೇ ಮುಗಿದಿರುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ತಯಾರಾದ ವಿದ್ಯಾರ್ಥಿಯಾದರೂ ಎಂಟು ವಾರಗಳಲ್ಲಿ ಮಹತ್ವದ ಶೋಧವನ್ನೇನೂ ಮಾಡುವುದಿಲ್ಲ. ಹಾಗಾದರೆ ಈ ಕಾರ್ಯಕ್ರಮದ ಗುರಿ ಸಂಶೋಧನೆಯಲ್ಲ, ಶಿಕ್ಷಣ. ಶಿಕ್ಷಣವೇ ಗುರಿಯಾದರೆ ‘ಯಾರು ಹೆಚ್ಚು ಸಿದ್ಧರಾಗಿದ್ದಾರೆ’ ಎಂಬ ಪ್ರಶ್ನೆ ಸಾಲದು. ‘ಯಾರಿಗೆ ಇದರಿಂದ ಹೆಚ್ಚು ವ್ಯತ್ಯಾಸವಾಗುತ್ತದೆ’ ಎಂದೂ ಕೇಳಬೇಕು. ಮಹಾನಗರದ ಸಂಸ್ಥೆಯಲ್ಲಿ ಓದುವವನಿಗೆ ಇದು ನಾಲ್ಕನೆಯ ಪ್ರಯೋಗಾಲಯವಿರಬಹುದು. ಸಿಂಧನೂರಿನಿಂದ ಬರುವವಳಿಗೆ ಮೊದಲನೆಯದು.

ಇಂಥ ಆಯ್ಕೆ ಅಸಾಧ್ಯವೇನಲ್ಲ. ಇಸ್ರೋ 2019ರಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ಆರಂಭಿಸಿದ ‘ಯುವಿಕಾ’ ಶಿಬಿರದ ಆಯ್ಕೆಯಲ್ಲಿ ಗ್ರಾಮೀಣ ಶಾಲೆಯಲ್ಲಿ ಓದುವುದಕ್ಕೇ ಶೇ. 15ರಷ್ಟು ತೂಕ ಕೊಟ್ಟಿತು. ರಾಕೆಟ್ ಹಾರಿಸುವವರಿಗೆ ಸಾಧ್ಯವಾದದ್ದು ಉಳಿದವರಿಗೂ ಸಾಧ್ಯ.

ಅಕಾಡೆಮಿಗಳ ಫೆಲೋಶಿಪ್‌ನಲ್ಲೇ ಒಂದು ಒಳ್ಳೆಯ ಅಂಶವಿದೆ, ಅದರ ಕಡೆಗೆ ಯಾರ ಗಮನವೂ ಅಷ್ಟಾಗಿ ಹೋಗುವುದಿಲ್ಲ. ಅದು ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಅಧ್ಯಾಪಕರಿಗೂ ಇದೆ. ವಿದ್ಯಾರ್ಥಿಯೊಬ್ಬ ಎಂಟು ವಾರ ಕಲಿತು ಬಂದರೆ ಮುಂದೆ ಹೊರಗೆಲ್ಲೋ ಹೋಗುತ್ತಾನೆ. ಅವನ ಕಾಲೇಜು ಇದ್ದಂತೆಯೇ ಇರುತ್ತದೆ. ಅಧ್ಯಾಪಕಿಯೊಬ್ಬಳು ಕಲಿತು ಬಂದರೆ ಮುಂದಿನ 20 ವರ್ಷ ಅದೇ ಕೋಣೆಯಲ್ಲಿ ಲೋಲಕದ ಪ್ರಯೋಗ ಮಾಡಿಸುತ್ತಾಳೆ, ತಪ್ಪು ಉತ್ತರ ಬಂದರೆ ಬಂದದ್ದನ್ನೇ ಬರೆಯಿರಿ ಎನ್ನುತ್ತಾಳೆ. ಮೈಸೂರಿನ ಪ್ರೊ. ಆರ್. ಶ್ರೀನಿವಾಸನ್ ಅವರು ರೂಪಿಸಿದ ಪ್ರಾಯೋಗಿಕ ಭೌತವಿಜ್ಞಾನದ ಪುನಶ್ಚೇತನ ಶಿಬಿರಗಳು, ಚಳ್ಳಕೆರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿರುವ ಶಿಕ್ಷಕರ ತರಬೇತಿ ಈ ಅರಿವಿನಿಂದಲೇ ಬಂದವು.

ನನ್ನ ಸಲಹೆ ಸರಳವಾದದ್ದು. ಬಿಡಿ ವಿದ್ಯಾರ್ಥಿಯನ್ನು ಆರಿಸುವುದರ ಜೊತೆಗೆ ಕಾಲೇಜನ್ನು ಆರಿಸಿ. ಒಬ್ಬ ಅಧ್ಯಾಪಕಿ, ಆಕೆಯ ಇಬ್ಬರು ವಿದ್ಯಾರ್ಥಿನಿಯರು, ಮೂವರೂ ಒಂದೇ ಪ್ರಯೋಗಾಲಯಕ್ಕೆ ಒಟ್ಟಿಗೆ ಬರಲಿ. ಮಗಳನ್ನು ಎರಡು ತಿಂಗಳು ದೂರದೂರಿಗೆ ಕಳಿಸಲು ಹಿಂಜರಿಯುವ ತಂದೆತಾಯಿ ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಅವರ ಅಂಜಿಕೆಯನ್ನು ಹಳಿಯುವುದಕ್ಕಿಂತ, ಟೀಚರ್ ಜೊತೆಗಿದ್ದಾರೆ ಎಂದು ಹೇಳಲು ಸಾಧ್ಯವಾಗುವಂತೆ ಮಾಡುವುದು ಮೇಲು. ಅರ್ಜಿಯ ಬರಹವನ್ನು ಕನ್ನಡದಲ್ಲೂ ಬರೆಯಲು ಬಿಡಿ. ಪ್ರಯೋಗಾಲಯದಲ್ಲಿ ಇಂಗ್ಲಿಷ್ ಬೇಕಾದರೆ ಅದನ್ನು ಅಲ್ಲಿ ಕಲಿಯಬಹುದು. ಅತಿಥಿ ಉಪನ್ಯಾಸಕರಿಗೂ ಅವಕಾಶ ಕೊಡಿ. ಆಯ್ಕೆಯಾದವರು ಯಾವ ಜಿಲ್ಲೆಯವರು, ಯಾವ ಮಾಧ್ಯಮದಲ್ಲಿ ಓದಿದವರು, ಮನೆಯಲ್ಲಿ ಮೊದಲ ಪದವೀಧರರೇ ಎಂಬ ಲೆಕ್ಕವನ್ನು ಪ್ರತಿವರ್ಷ ಜನರ ಮುಂದಿಡಿ. ಅಳತೆಯಿಲ್ಲದೆ ಏನನ್ನೂ ನಂಬದಿರುವುದು ವಿಜ್ಞಾನದ ಶಿಸ್ತು ಎನ್ನುವುದಾದರೆ, ಆ ಶಿಸ್ತು ವಿಜ್ಞಾನದ ಸಂಸ್ಥೆಗಳಿಗೂ ಅನ್ವಯಿಸಬೇಕು.

ನಮ್ಮ ಸಮುದಾಯದ ಸಂಘಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ಅಂಕ ಗಳಿಸಿದವರಿಗೆ ಶಾಲು ಹೊದಿಸಿ ಸನ್ಮಾನ ಮಾಡುವ ಸಮಾರಂಭಗಳು ವರ್ಷವರ್ಷವೂ ನಡೆಯುತ್ತಿವೆ. ಅದರ ಖರ್ಚಿನ ಒಂದು ಪಾಲನ್ನು, ಇಂಥ ಅರ್ಜಿಗಳ ಸುದ್ದಿಯನ್ನು ಸಮಯಕ್ಕೆ ಸರಿಯಾಗಿ ಹಳ್ಳಿಯ ಕಾಲೇಜಿಗೆ ತಲುಪಿಸಲು, ಕೂತು ತುಂಬಿಸಲು, ಭತ್ಯೆ ಕೈಸೇರುವ ತನಕದ ಖರ್ಚಿಗೆ ಒದಗಿಸಲು ಬಳಸಿದರೆ, ಮುಂದಿನ ಬೇಸಿಗೆಯಲ್ಲಿ ಯಾವುದಾದರೊಂದು ಪ್ರಯೋಗಾಲಯದ ಬೆಂಚಿನ ಮುಂದೆ ಈವರೆಗೆ ಅಲ್ಲಿ ಕಾಣದ ಒಬ್ಬ ಹುಡುಗಿ ನಿಂತಿರುತ್ತಾಳೆ. ಅವಳು ವಿಜ್ಞಾನಿಯೇ ಆಗಬೇಕೆಂದಿಲ್ಲ. ಗೊತ್ತಿಲ್ಲ ಎಂದು ಹೇಳುವುದು ಅವಮಾನವಲ್ಲ, ಕೆಲಸದ ಆರಂಭ ಎಂಬುದನ್ನು ಕಲಿತು ಬಂದರೂ ಸಾಕು.