ಠಗ್ಗನ ಆತ್ಮನಿವೇದನೆ: ಕೃತ್ಯದ ಗುರುತೋ, ಕುಲದ ಗುರುತೋ?

ಹುನಗುಂದದಿಂದ ಮೂಡಲಿಗೆ ಲಿಂಗಸುಗೂರ ಸೀಮೆಯನ್ನು ಹಾಯ್ದು ಕೃಷ್ಣೆಯನ್ನು ದಾಟಿದರೆ ಸುರಪುರವು ಸಿಕ್ಕುವದು. ಅಲ್ಲಿಯ ಟೇಲರ್ ಮಂಜಿಲನ್ನು ಬಾಗಲಕೋಟೆ, ಇಳಕಲ್ಲ ಕಡೆಯ ನಮ್ಮ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಆ ಸಂಸ್ಥಾನದ ಆಡಳಿತವನ್ನು ನಡೆಯಿಸಿದ ಫಿಲಿಪ್ ಮೆಡೋಸ್ ಟೇಲರನು ಅಲ್ಲಿಗೆ ಬರುವ ಮುನ್ನವೇ, 1839ರಲ್ಲಿ, ‘ಕನ್‌ಫೆಶನ್ಸ್ ಆಫ್ ಎ ಥಗ್’ ಎಂಬ ಕಾದಂಬರಿಯನ್ನು ಪ್ರಕಟಿಸಿದ್ದನು. ಮೇಲಿಂದ ಮೇಲೆ ಕೊಲೆ ಮಾಡುವವನ ಮನಸ್ಸನ್ನು ಅವನ ನಡತೆಯಿಂದಲೇ ಓದುವ ವಿದ್ಯೆಯು ಇಂದು ದೊಡ್ಡ ಹೆಸರು ಪಡೆದಿರುವದರಿಂದ, ಈ ಹಳೆಯ ಗ್ರಂಥವನ್ನು ಮತ್ತೊಮ್ಮೆ ಪರೀಕ್ಷಿಸುವದು ಉಚಿತವೆಂದು ನಮಗೆ ತೋರುತ್ತದೆ.

ಕಥೆಯ ರಚನೆಯು ಸರಳವಾದುದು. ಮಾಫಿ ಸಾಕ್ಷಿದಾರನಾದ ಅಮೀರ ಅಲಿಯು ಸಾಹೇಬನೊಬ್ಬನ ಮುಂದೆ ತನ್ನ ಬಾಳನ್ನು ಬಿಚ್ಚಿಡುತ್ತಾನೆ. ತಾನು ಭಾಗಿಯಾದ ಕೊಲೆಗಳು 719 ಎಂದು ಅವನ ಲೆಕ್ಕ. ದಾರಿಕಾರರ ವಿಶ್ವಾಸವನ್ನು ಗಳಿಸುವದು, ಜತೆಯಾಗಿ ನಡೆಯುವದು, ಗೊತ್ತಾದ ಸಂಕೇತವಾದೊಡನೆ ರುಮಾಲಿನಿಂದ ಕೊರಳು ಬಿಗಿಯುವದು, ಹೆಣವನ್ನು ಹೂಳುವದು: ಈ ಕ್ರಮವು ತಪ್ಪುವದೇ ಇಲ್ಲ. ಮನೆಯಲ್ಲಿ ವಾತ್ಸಲ್ಯಭರಿತನಾದವನು ದಾರಿಯಲ್ಲಿ ನಿಷ್ಕರುಣಿಯಾಗುವ ಬಗೆಯನ್ನು ಟೇಲರನು ಉಪದೇಶದ ಮಾತಿಲ್ಲದೆ ತೋರಿಸಿದ್ದಾನೆ. ಇದೇ ಗ್ರಂಥದ ಮುಖ್ಯ ಗುಣ. ಅಮೇರಿಕದ ಎಫ್.ಬಿ.ಐ. ಸಂಸ್ಥೆಯು 1972ರಲ್ಲಿ ವರ್ತನಾಶಾಸ್ತ್ರದ ಶಾಖೆಯೊಂದನ್ನು ತೆರೆಯಿತು. ಆ ಶಾಖೆಯ ರೆಸ್ಲರ್, ಡಗ್ಲಸ್ ಮೊದಲಾದವರು 36 ಮಂದಿ ಕೊಲೆಗಡುಕರನ್ನು ಸೆರೆಮನೆಯಲ್ಲಿ ಕಂಡು ಮಾತನಾಡಿಸಿದ ಪದ್ಧತಿಯೂ ತತ್ತ್ವತಃ ಇದೇ ಆಗಿದೆ.

ಇಂಥ ಓದಿನ ಪ್ರಯೋಜನವೇನೆಂಬುದಕ್ಕೆ ನಮ್ಮ ನಾಡಿನ ನಿದರ್ಶನವೇ ಸಾಕು. ಹಿಂದೆ ಶಾಲಾ ಶಿಕ್ಷಕನಾಗಿದ್ದ ಮೋಹನಕುಮಾರನು 2003ರಿಂದ 2009ರ ವರೆಗೆ ದಕ್ಷಿಣ ಕನ್ನಡದ ಕಡೆಯ 20 ಮಂದಿ ಸ್ತ್ರೀಯರನ್ನು ಕೊಂದನು. ಮದುವೆಯ ಆಸೆ ತೋರಿಸಿ ಪರಸ್ಥಳಕ್ಕೆ ಕರೆದೊಯ್ಯುವದು, ಒಡವೆಗಳನ್ನು ವಸತಿಗೃಹದಲ್ಲಿ ಇರಿಸಗೊಡುವದು, ಗರ್ಭನಿರೋಧದ ಗುಳಿಗೆಯೆಂದು ಸೈನೈಡನ್ನು ಕೊಡುವದು—ಇಷ್ಟೇ ಅವನ ಕ್ರಮ. ಮಡಿಕೇರಿ, ಮೈಸೂರು ಮುಂತಾದೆಡೆಗಳ ಬಸ್ ನಿಲ್ದಾಣದ ಶೌಚಗೃಹಗಳಲ್ಲಿ ಹೆಣಗಳು ಸಿಕ್ಕಾಗ ಒಂದೊಂದು ಠಾಣೆಯೂ ತನ್ನ ಪಾಲಿನ ಹೆಣವನ್ನು ಅಸಹಜ ಮರಣವೆಂದು ಬರೆದುಕೊಂಡಿತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರಿಲ್ಲ. ಕೊನೆಗೆ ಕಾಣೆಯಾದ ಸ್ತ್ರೀಯರ ದೂರವಾಣಿ ಕರೆಗಳ ಜಾಡು ಹಿಡಿದ ಪೋಲೀಸರು 2009ರಲ್ಲಿ ಅವನನ್ನು ಹಿಡಿದರು; 2013ರಲ್ಲಿ ಮಂಗಳೂರಿನ ನ್ಯಾಯಾಲಯವು ಅವನನ್ನು ಮೊದಲ ಬಾರಿಗೆ ದೋಷಿಯೆಂದಿತು. ಕೃತ್ಯಗಳ ಹೋಲಿಕೆಯನ್ನು ಮೊದಲೇ ಗುರುತಿಸಿದ್ದರೆ ಎಷ್ಟು ಜೀವಗಳು ಉಳಿಯುತ್ತಿದ್ದವೋ!

ಆದರೆ ಕೃತ್ಯವನ್ನು ಓದುವದು ಬೇರೆ, ಕುಲವನ್ನು ಓದುವದು ಬೇರೆ. ಠಗ್ಗರ ಬೇಟೆಯಲ್ಲಿ ಈ ಎರಡೂ ಬೆರೆತುಹೋದವು. ಸ್ಲೀಮನ್ನನು ಠಗ್ಗರ ವಂಶವೃಕ್ಷಗಳನ್ನು ಬರೆಯಿಸಿದನು. 1836ರ ಕಾಯಿದೆಯು, ಠಗ್ಗರ ತಂಡಕ್ಕೆ ಸೇರಿದವನೆಂಬಷ್ಟಕ್ಕೇ ಆಜೀವ ಸೆರೆಯನ್ನು ವಿಧಿಸಿತು. 1871ರಲ್ಲಿ ಇಡೀ ಬುಡಕಟ್ಟುಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡುವ ಶಾಸನವು ಬಂದಿತು. 1997ರ ವರೆಗೆ ಬಾಗಲಕೋಟೆ, ಬಾದಾಮಿಗಳು ಸೇರಿದ್ದ ವಿಜಾಪುರ ಜಿಲ್ಲೆಗೂ, ನೆರೆಯ ಗದಗ ಹುಬ್ಬಳ್ಳಿಗಳಿಗೂ ಇದರ ಪರಿಚಯವು ಚೆನ್ನಾಗಿ ಉಂಟು: ಅಲ್ಲಿ ತಂತಿಬೇಲಿಯ ವಸಾಹತುಗಳನ್ನು ಕಟ್ಟಿ, ಹುಟ್ಟಿದ ಕೂಸನ್ನೂ ಶಂಕಿತರ ಸಾಲಿಗೆ ಸೇರಿಸಿದರು. 1952ರಲ್ಲಿ ಆ ಕಾಯಿದೆಯು ರದ್ದಾಯಿತು. ಜನರ ನಾಲಗೆಯ ಮೇಲಿನ ಕಲಂಕವು ಮಾತ್ರ ಅಷ್ಟು ಬೇಗ ಅಳಿಯಲಿಲ್ಲ.

ಟೇಲರನೂ ಈ ದೋಷಕ್ಕೆ ಹೊರತಲ್ಲ. ಠಗ್ಗರನ್ನೆಲ್ಲ ಭವಾನಿಯ ಆಜ್ಞೆಗೆ ಕಟ್ಟುಬಿದ್ದವರೆಂದು ಚಿತ್ರಿಸಿ, ಹಸಿವು ದುರಾಶೆಗಳೆಂಬ ಲೌಕಿಕ ಕಾರಣಗಳನ್ನು ಅವನು ಹಿಂದೆ ಸರಿಸುತ್ತಾನೆ. ಕೇಳುವ ಸಾಹೇಬನ ಅಧಿಕಾರವು ಹೇಳುವ ಬಂದಿಯ ಮಾತನ್ನು ಹೇಗೆ ತಿದ್ದಿತೆಂಬುದನ್ನೂ ವಿಚಾರಿಸುವದಿಲ್ಲ. ಆದರೂ ಕಥೆಗಾರನು ಅಧಿಕಾರಿಯನ್ನು ಮೀರಿದ್ದಾನೆ. ಅಮೀರ ಅಲಿಯು ಠಗ್ಗನ ರಕ್ತದವನೇ ಅಲ್ಲ! ಅವನ ತಂದೆತಾಯಿಗಳನ್ನು ಕೊಂದ ಇಸ್ಮಾಯಿಲನೇ ಆ ಹಸುಳೆಯನ್ನು ಸಾಕಿ ತನ್ನ ವಿದ್ಯೆಯನ್ನು ಕಲಿಸಿದನು. ಮುಂದೆ ಅದೇ ಅಮೀರನು ತಿಳಿಯದೆ ಒಡಹುಟ್ಟಿದವಳನ್ನೇ ಕೊಲ್ಲುತ್ತಾನೆ. ಪಾತಕವು ಬಸಿರಿನಿಂದ ಬರುವದಲ್ಲ, ಕಲಿಕೆಯಿಂದ ಬರುವದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವದೆಂತು?

ಸರಕಾರವು ಟೇಲರನ ಕಥೆಯನ್ನು ಓದಿ ರುಮಾಲನ್ನು ಕಂಡಿತು, ಇಸ್ಮಾಯಿಲನ ಮನೆಯನ್ನು ಕಾಣಲಿಲ್ಲ. ಇಂದಿನ ತನಿಖೆಗಾರರು ಎರಡನ್ನೂ ಕಾಣಬೇಕು. ಕೊಲೆಗಾರನು ಏನು ಮಾಡಿದನೆಂಬುದು ಅವನನ್ನು ಹುಡುಕಲು ದಾರಿ ತೋರಿಸಲಿ. ಅವನು ಯಾರಲ್ಲಿ ಹುಟ್ಟಿದನೆಂಬುದು ಅವನ ನೆರೆಯವರನ್ನು ಹಿಡಿಯಲು ನೆಪವಾಗದಿರಲಿ.